ಶುಕ್ರವಾರದ ಪೂಜೆಗೆ ಯಾರ ಒಪ್ಪಿಗೆ?

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ನಾನೂ ನನ್ನ ಪತ್ನಿಯೂ ದೇವರನ್ನು ನಂಬುವವರಲ್ಲ. ನಂಬುವವರೊಡನೆ ಜಗಳಕ್ಕೆ ಹೋದವರೂ ಅಲ್ಲ. ಮಗಳು ಇಲ್ಲಿನ ಅನುದಾನಿತ ಶಾಲೆಯೊಂದರಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಶಾಲೆಯಲ್ಲಿ ದಿನವೂ ಸ್ತೋತ್ರದಿಂದ ಆರಂಭವಾಗುವ ಪ್ರಾರ್ಥನೆ ಇದೆ, ಶುಕ್ರವಾರ ಶಾರದೆಯ ಪೂಜೆ ಇದೆ. ಕಳೆದ ತಿಂಗಳು ಪೂಜೆಯ ಹೊತ್ತಿನಲ್ಲಿ ಅವಳು ಕೈಮುಗಿಯದೆ ನಿಂತಿದ್ದಳೆಂದು ಶಿಕ್ಷಕಿಯೊಬ್ಬರು ಇಡೀ ತರಗತಿಯ ಎದುರು, ‘ದೇವರಿಗೇ ಹೆದರದವರು ಇನ್ಯಾರಿಗೆ ಹೆದರುತ್ತಾರೆ?’ ಎಂದರಂತೆ. ಅಂದಿನಿಂದ ಗೆಳತಿಯರು ಅವಳನ್ನು ‘ನಾಸ್ತಿಕರ ಮನೆಯವಳು’ ಎಂದು ಛೇಡಿಸುತ್ತಿದ್ದಾರೆ. ಶಾಲೆಗೆ ಹೀಗೆ ಪೂಜೆ ಮಾಡಿಸುವ ಅಧಿಕಾರವಿದೆಯೇ? ಮಗಳನ್ನು ಅದರಿಂದ ಬಿಡಿಸಿಕೊಳ್ಳಬಹುದೇ? ದಾಖಲಾತಿಯಲ್ಲಿ ಧರ್ಮದ ಕಾಲಂ ಖಾಲಿ ಬಿಡಬಹುದೇ?

ಉತ್ತರ: ಮಾನ್ಯರೇ, ನಿಮ್ಮ ಮೂರು ಪ್ರಶ್ನೆಗಳಿಗೂ ಕಾನೂನಿನಲ್ಲಿ ಉತ್ತರವಿದೆ, ಒಂದಕ್ಕೆ ಸ್ಪಷ್ಟವಾಗಿಯೂ ಉಳಿದ ಎರಡಕ್ಕೆ ತುಸು ಮಸುಕಾಗಿಯೂ ಇದೆ. ಆದರೆ ಪೂಜೆಗಿಂತ ಆ ಶಿಕ್ಷಕಿಯ ಮಾತೇ ನಿಮ್ಮನ್ನು ಹೆಚ್ಚು ನೋಯಿಸಿದೆ ಎಂದು ಪತ್ರ ಓದಿದಾಗ ನನಗನ್ನಿಸಿತು. ಶಾಲೆಯಲ್ಲಿ ಪೂಜೆ ನಡೆಯುವ ಕ್ರಮಕ್ಕೂ ಅಂಥ ಮಾತು ಹುಟ್ಟುವುದಕ್ಕೂ ನೇರ ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯವಾದ್ದರಿಂದ ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಉತ್ತರಿಸುತ್ತೇನೆ.

ಸಂವಿಧಾನದ 28ನೆಯ ವಿಧಿ ಶಾಲೆಗಳನ್ನು ಮುಖ್ಯವಾಗಿ ಅವು ನಡೆಯುವ ಹಣದ ಮೂಲ ನೋಡಿ ವಿಂಗಡಿಸುತ್ತದೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು; ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ, ಊರಿನ ಎಲ್ಲ ಪೋಷಕರೂ ಸಹಿ ಹಾಕಿ ಕೇಳಿಕೊಂಡರೂ ಕೊಡುವಂತಿಲ್ಲ. ದತ್ತಿಯಿಂದಲೋ ಟ್ರಸ್ಟಿನಿಂದಲೋ ಸ್ಥಾಪನೆಯಾಗಿ, ಆ ದತ್ತಿಯ ಷರತ್ತಿನಲ್ಲೇ ಧಾರ್ಮಿಕ ಬೋಧನೆ ಇರಬೇಕೆಂದಿದ್ದು, ಸರ್ಕಾರ ಆಡಳಿತ ಮಾತ್ರ ನೋಡಿಕೊಳ್ಳುವ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ನಿಮ್ಮ ಮಗಳ ಶಾಲೆ ಬರುವುದು ಮೂರನೆಯ ಉಪವಿಧಿಯಡಿ. ಸರ್ಕಾರದ ಮಾನ್ಯತೆ ಪಡೆದ ಅಥವಾ ಸರ್ಕಾರದ ನೆರವು ಪಡೆಯುತ್ತಿರುವ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಓದುವವರನ್ನು, ಅವರು ಸ್ವತಃ ಒಪ್ಪಿಗೆ ಕೊಟ್ಟಿಲ್ಲದಿದ್ದರೆ, ಅಥವಾ ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಅವರ ಪೋಷಕರು ಒಪ್ಪಿಗೆ ಕೊಟ್ಟಿಲ್ಲದಿದ್ದರೆ, ಆ ಸಂಸ್ಥೆಯಲ್ಲಿ ನಡೆಯುವ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆಯಾಗಲಿ ಪೂಜೆಗೆ ಹಾಜರಾಗುವಂತೆಯಾಗಲಿ ಒತ್ತಾಯಿಸುವಂತಿಲ್ಲ. ‘ಮಾನ್ಯತೆ ಪಡೆದ’ ಎಂಬ ಮಾತಿನಿಂದಾಗಿ ಅನುದಾನವಿಲ್ಲದ ಖಾಸಗಿ ಶಾಲೆಗಳೂ ಇದರೊಳಗೇ ಬರುತ್ತವೆ. ‘ನಾವು ಸರ್ಕಾರದಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ, ಹೀಗಾಗಿ ಇದು ನಮಗೆ ಅನ್ವಯಿಸುವುದಿಲ್ಲ’ ಎಂದು ವಾದಿಸುವ ಆಡಳಿತ ಮಂಡಳಿಗಳನ್ನು ನಾನು ಕಂಡಿದ್ದೇನೆ. ಆ ವಾದ ನಿಲ್ಲುವುದಿಲ್ಲ.

ಆದ್ದರಿಂದ ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಇಷ್ಟು: ಅನುದಾನಿತ ಶಾಲೆ ಪೂಜೆ ನಡೆಸುವುದನ್ನು ಈ ವಿಧಿ ನಿಷೇಧಿಸುವುದಿಲ್ಲ, ಆದರೆ ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಮಗಳನ್ನು ಅಲ್ಲಿ ಕೂರಿಸುವುದನ್ನು ನಿಷೇಧಿಸುತ್ತದೆ.

ಆ ‘ಒಪ್ಪಿಗೆ’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಸಂವಿಧಾನ ಹೇಳುವುದು ಒಪ್ಪಿಗೆ ‘ಕೊಟ್ಟಿಲ್ಲದಿದ್ದರೆ’ ಎಂದು; ‘ನಿರಾಕರಿಸಿದ್ದರೆ’ ಎಂದು ಹೇಳುವುದಿಲ್ಲ. ಅಂದರೆ ಕೇಳಬೇಕಾದವರು ಶಾಲೆಯವರು, ಕೊಡುವುದೋ ಬಿಡುವುದೋ ಪೋಷಕರಿಗೆ ಸೇರಿದ್ದು. ನಮ್ಮ ಶಾಲೆಗಳಲ್ಲಿ ನಡೆಯುವುದು ಇದಕ್ಕೆ ಪೂರ್ತಿ ತಿರುಗುಮುರುಗಾಗಿ. ಯಾರೂ ಕೇಳುವುದಿಲ್ಲ, ಕೇಳದೇ ಇದ್ದಾಗ ಸುಮ್ಮನಿದ್ದವರೆಲ್ಲ ಒಪ್ಪಿದವರೆಂದು ಎಣಿಸಲಾಗುತ್ತದೆ, ಬೇಡವೆಂದವರು ಮಾತ್ರ ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ. ಹಾಗೆ ಎದ್ದು ನಿಂತವರು ಸಹಜವಾಗಿಯೇ ತಕರಾರಿನವರಂತೆ ಕಾಣುತ್ತಾರೆ. ನಾಸ್ತಿಕರು ಮೊಂಡರು, ಎಲ್ಲರೂ ಒಂದಾಗಿ ಮಾಡುವುದನ್ನು ಕೆಡಿಸುವವರು ಎಂಬ ಹೆಸರು ದೊಡ್ಡ ದೊಡ್ಡ ಚರ್ಚೆಗಳಲ್ಲಿ ಹುಟ್ಟುವುದಕ್ಕಿಂತ ಮೊದಲೇ, ಬೆಳಗಿನ ಒಂಬತ್ತೂವರೆಗೆ ಶಾಲೆಯ ಅಂಗಳದಲ್ಲಿ ಹೀಗೆ ಹುಟ್ಟಿರುತ್ತದೆ. ಪ್ರವೇಶದ ಅರ್ಜಿಯಲ್ಲೇ ‘ಶಾಲೆಯಲ್ಲಿ ನಡೆಯುವ ಪೂಜೆಯಲ್ಲಿ ನಿಮ್ಮ ಮಗು ಭಾಗವಹಿಸಲು ಒಪ್ಪಿಗೆ ಇದೆಯೇ?’ ಎಂಬ ಒಂದು ಸಾಲು ಇದ್ದಿದ್ದರೆ, ನೀವು ‘ಇಲ್ಲ’ ಎಂದು ಬರೆಯುತ್ತಿದ್ದಿರಿ, ಪಕ್ಕದ ಮನೆಯವರು ‘ಇದೆ’ ಎಂದು ಬರೆಯುತ್ತಿದ್ದರು, ನಿಮ್ಮ ಮಗಳ ಕೈ ಹೇಗಿದ್ದವು ಎಂಬುದು ಯಾರಿಗೂ ಸುದ್ದಿಯಾಗುತ್ತಿರಲಿಲ್ಲ.

ನಾನೂ ಇದರಲ್ಲಿ ತಪ್ಪಿತಸ್ಥನೇ. ಶಿಕ್ಷಣ ಕಾನೂನಿನ ಕಡೆಗೆ ಬರುವ ಮೊದಲು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪ್ರಾರ್ಥನೆಯ ಮೇಲುಸ್ತುವಾರಿಯೂ ನನ್ನದೇ ಆಗಿತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಹಿಂದಿನ ಸಾಲಿನಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ತುಟಿ ಅಲುಗುತ್ತಿರಲಿಲ್ಲ, ಕಣ್ಣು ಧ್ವಜಸ್ತಂಭದ ಬುಡದ ಸುಣ್ಣದ ಕಲ್ಲುಗಳ ಮೇಲಿರುತ್ತಿತ್ತು. ಒಂದು ದಿನ ಅವನನ್ನು ಮುಂದಕ್ಕೆ ಕರೆದು, ಎಲ್ಲರ ಎದುರು ಒಬ್ಬನೇ ಹಾಡುವಂತೆ ಹೇಳಿದೆ. ಅವನು ಹಾಡಿದ, ಒಂದು ಅಕ್ಷರವೂ ತಪ್ಪದಂತೆ. ಅಂದು ಸಂಜೆ ಅವನ ತಾಯಿ ಬಂದು, ‘ಅವನಿಗೆ ಬಾಯಿಪಾಠ ಬರುತ್ತದೆ ಸಾರ್, ಅಪ್ಪ ತೀರಿಕೊಂಡ ಮೇಲೆ ಕೈಮುಗಿಯುವುದನ್ನು ಬಿಟ್ಟಿದ್ದಾನೆ’ ಎಂದಷ್ಟೇ ಹೇಳಿ ಹೋದರು. 28ನೆಯ ವಿಧಿಯನ್ನು ಅದೇ ವರ್ಷ ಹತ್ತನೇ ತರಗತಿಗೆ ಪಾಠ ಮಾಡಿದ್ದವನು ನಾನು.

ಧಾರ್ಮಿಕ ಬೋಧನೆ ಯಾವುದು, ಧರ್ಮದ ಬಗೆಗಿನ ಪಾಠ ಯಾವುದು ಎಂಬ ಪ್ರಶ್ನೆ ಇಲ್ಲಿ ಆಗಾಗ ಎದುರಾಗುತ್ತದೆ. ಈ ಜಗ್ಗಾಟ ಹೊಸದಲ್ಲ: 1854ರಲ್ಲಿ ಬ್ರಿಟಿಷ್ ಆಡಳಿತದ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣದ ನಿರೂಪ ಸರ್ಕಾರಿ ಶಾಲೆಗಳಲ್ಲಿ ಧರ್ಮಬೋಧೆ ಬೇಡವೆಂದಿತು; ಸ್ವಾತಂತ್ರ್ಯದ ನಂತರ ರಾಧಾಕೃಷ್ಣನ್ ಆಯೋಗ ದಿನದ ಆರಂಭದಲ್ಲಿ ಕೆಲವು ನಿಮಿಷಗಳ ಮೌನ ಧ್ಯಾನ ಸಾಕೆಂದಿತು; 1964-66ರ ಕೊಠಾರಿ ಆಯೋಗ ಒಂದು ಧರ್ಮವನ್ನು ಬೋಧಿಸುವುದಕ್ಕೂ ಧರ್ಮಗಳ ಬಗ್ಗೆ ತಿಳಿಸುವುದಕ್ಕೂ ಗೆರೆ ಎಳೆಯಿತು. ಸುಪ್ರೀಂ ಕೋರ್ಟ್ ಕೂಡ ಸುಮಾರಾಗಿ ಆ ಗೆರೆಯನ್ನೇ ಹಿಡಿದಿದೆ. ಗುರುನಾನಕರ ಬದುಕು ಮತ್ತು ಬೋಧನೆಗಳ ಅಧ್ಯಯನ ಧಾರ್ಮಿಕ ಬೋಧನೆಯಾಗದು ಎಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲೂ, ಪಠ್ಯಕ್ರಮದಲ್ಲಿ ಎಲ್ಲ ಧರ್ಮಗಳ ಪರಿಚಯ ಮಾಡಿಕೊಡುವುದು ತಪ್ಪಲ್ಲವೆಂದು 2002ರ ಅರುಣಾ ರಾಯ್ ಪ್ರಕರಣದಲ್ಲೂ ಅದು ಹೇಳಿತು. ಹೀಗಾಗಿ ಮಗಳ ಪಠ್ಯದಲ್ಲಿ ಬಸವಣ್ಣ, ಬುದ್ಧ, ಪೈಗಂಬರ್ ಅಥವಾ ಯೇಸುವಿನ ಪಾಠವಿದ್ದರೆ ಅದಕ್ಕೆ ತಗಾದೆ ತೆಗೆಯಬೇಡಿ. ತೆಗೆದರೂ ಗೆಲ್ಲುವುದಿಲ್ಲ, ಗೆಲ್ಲಬಾರದು ಕೂಡ. ಹರಿಹರನನ್ನೂ ಪಂಪನನ್ನೂ ಪುರಂದರದಾಸರನ್ನೂ ಧರ್ಮದ ವಿಷಯವೆಂದು ಬದಿಗಿಟ್ಟರೆ ಕನ್ನಡದ ಪಠ್ಯಪುಸ್ತಕದಲ್ಲಿ ಹೊದಿಕೆಯಷ್ಟೇ ಉಳಿದೀತು.

ಪೂಜೆ ಮತ್ತು ಸ್ತೋತ್ರದ ವಿಷಯ ಬೇರೆ. ಆರತಿ ಎತ್ತಿ, ಮಂಗಳಾರತಿ ತಟ್ಟೆ ಹಿಡಿದು, ಪ್ರಸಾದ ಹಂಚುವ ಶುಕ್ರವಾರದ ಕಾರ್ಯಕ್ರಮ ಪೂಜೆಯೇ ಎಂಬುದರಲ್ಲಿ ಅನುಮಾನವಿಲ್ಲ. ದಿನನಿತ್ಯದ ಪ್ರಾರ್ಥನೆಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು. ಕೇಂದ್ರೀಯ ವಿದ್ಯಾಲಯಗಳಲ್ಲಿ ಹಾಡಿಸುವ, ‘ಅಸತೋ ಮಾ ಸದ್ಗಮಯ’ ಒಳಗೊಂಡ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಈ ಶಾಲೆಗಳು ಸರ್ಕಾರದ ಹಣದಿಂದ ನಡೆಯುವಂಥವು, ಅಲ್ಪಸಂಖ್ಯಾತರ ಮಕ್ಕಳನ್ನೂ ನಂಬಿಕೆಯಿಲ್ಲದವರ ಮಕ್ಕಳನ್ನೂ ಇಂಥ ಪ್ರಾರ್ಥನೆಗೆ ಒಳಪಡಿಸುವುದು ಸರಿಯಲ್ಲ ಎಂಬುದು ಅರ್ಜಿಯ ಸಾರ. ಸರ್ಕಾರದ ಪರ ವಕೀಲರು, ಇದು ಸಾರ್ವತ್ರಿಕ ಸತ್ಯದ ಮಾತು, ಸುಪ್ರೀಂ ಕೋರ್ಟಿನ ಲಾಂಛನದಲ್ಲೇ ಮಹಾಭಾರತದಿಂದ ತೆಗೆದ ‘ಯತೋ ಧರ್ಮಸ್ತತೋ ಜಯಃ’ ಇದೆಯಲ್ಲ ಎಂದರು. 2019ರ ಜನವರಿಯಲ್ಲಿ ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರಿದ್ದ ದ್ವಿಸದಸ್ಯ ಪೀಠ, ಇದನ್ನು ಐದು ಅಥವಾ ಹೆಚ್ಚು ನ್ಯಾಯಮೂರ್ತಿಗಳ ಸಂವಿಧಾನ ಪೀಠವೇ ತೀರ್ಮಾನಿಸುವುದು ಸೂಕ್ತ ಎಂದಿತು. ಉಪನಿಷತ್ತಿನ ಆ ಸಾಲಿನಲ್ಲಿ ಯಾವ ದೇವರ ಹೆಸರೂ ಇಲ್ಲ. ಆದರೂ ಪ್ರಶ್ನೆ ಅಷ್ಟು ಸುಲಭದ್ದಲ್ಲ ಎಂದು ನ್ಯಾಯಾಲಯಕ್ಕೇ ಅನ್ನಿಸಿತು. ನಿಮ್ಮ ಶಾಲೆಯ ಬೆಳಗಿನ ಸ್ತೋತ್ರದಲ್ಲಾದರೋ ದೇವರ ಹೆಸರು ನೇರವಾಗಿಯೇ ಇದೆ ಎಂದು ತೋರುತ್ತದೆ.

ಹಾಡದೆ, ಕೈಮುಗಿಯದೆ ಸುಮ್ಮನೆ ನಿಲ್ಲುವುದು ಅಗೌರವವೇ? ಇದಕ್ಕೆ ಎರಡು ತೀರ್ಪುಗಳು ನಿಮ್ಮ ಬೆನ್ನಿಗಿವೆ. ಮೊದಲನೆಯದು ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು, ರಾಷ್ಟ್ರಗೀತೆ ನಡೆಯುವಾಗ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರನ್ನು ಬಿಟ್ಟು ಬೇರೆ ಯಾವುದನ್ನೂ ಸ್ತುತಿಸಬಾರದೆಂಬುದು ಅವರ ನಂಬಿಕೆ. 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರು ಬರೆದ ತೀರ್ಪು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು: ಗೌರವದಿಂದ ಎದ್ದು ನಿಂತವರು ಹಾಡದೆ ಇದ್ದ ಮಾತ್ರಕ್ಕೆ ಅಗೌರವ ತೋರಿದಂತಾಗದು, ಆತ್ಮಸಾಕ್ಷಿಗೆ ವಿರುದ್ಧವಾಗಿ ಹಾಡಿಸುವುದೂ ಸಲ್ಲದು. ರಾಷ್ಟ್ರಗೀತೆಯ ವಿಷಯದಲ್ಲೇ ಈ ಮಾತು ನಿಲ್ಲುವುದಾದರೆ ಪ್ರಾರ್ಥನೆಯ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಇಲ್ಲಿ ಒಂದನ್ನು ಗಮನಿಸಿ. ನಿಮ್ಮಂಥ ನಾಸ್ತಿಕ ಪೋಷಕರು ಇಂದು ಆಸರೆಗೆ ಹಿಡಿಯಬಹುದಾದ ಈ ತೀರ್ಪು ಬಂದಿದ್ದು ಕಡು ಭಕ್ತರ ಮನೆಯ ಮಕ್ಕಳಿಂದ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಂಬ ಒಂದೇ ಚಾವಣಿಯ ಕೆಳಗೆ ಅವರೂ ನೀವೂ ನಿಂತಿದ್ದೀರಿ. ತಲೆಗೆ ವಸ್ತ್ರ ಧರಿಸಿ ಬರುತ್ತೇವೆಂದು 2022ರಲ್ಲಿ ನಮ್ಮ ರಾಜ್ಯದ ಕಾಲೇಜು ಹುಡುಗಿಯರು ಹೈಕೋರ್ಟಿಗೆ ಹೋದಾಗ ಹೇಳಿದ್ದೂ ಆತ್ಮಸಾಕ್ಷಿಯ ಮಾತನ್ನೇ. ಆ ಮೊಕದ್ದಮೆಯನ್ನು ಅವರು ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. ಅದರ ಜಾಡು ಬೇರೆ, ಇಲ್ಲಿಗೆ ಬಿಡೋಣ.

ಎರಡನೆಯದು ನಿಮ್ಮ ಸಂದರ್ಭಕ್ಕೆ ಇನ್ನೂ ಹತ್ತಿರದ್ದು. ನಾಸಿಕದ ಶಾಲೆಯೊಂದರ ಶಿಕ್ಷಕರೊಬ್ಬರು, ತಾವು ನಾಸ್ತಿಕರೆಂಬ ಕಾರಣದಿಂದ, ಪ್ರಾರ್ಥನೆಯ ವೇಳೆ ಕೈಮುಗಿಯದೆ ನಿಲ್ಲುತ್ತಿದ್ದರು. ಶಾಲೆ ಅದನ್ನು ಅಶಿಸ್ತು ಎಂದು ದಾಖಲಿಸಿ ಅವರಿಗೆ ಸಿಗಬೇಕಿದ್ದ ಮೇಲಿನ ವೇತನ ಶ್ರೇಣಿಯನ್ನು ತಡೆಹಿಡಿಯಿತು. 2013ರಲ್ಲಿ ಬಾಂಬೆ ಹೈಕೋರ್ಟಿನ ಪೀಠ, ಪ್ರಾರ್ಥನೆಯಲ್ಲಿ ಕೈಮುಗಿಯುವಂತೆ ಒತ್ತಾಯಿಸುವುದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಶಿಕ್ಷಕರ ಪರವಾಗಿ ತೀರ್ಪಿತ್ತಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅವರು ಮುಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. ಮಹಾರಾಷ್ಟ್ರದ ಹೈಕೋರ್ಟಿನ ತೀರ್ಪು ಕರ್ನಾಟಕದ ಶಾಲೆಯನ್ನು ಕಟ್ಟಿಹಾಕುವುದಿಲ್ಲ ಎಂಬುದು ನಿಜವಾದರೂ, ಸಂಬಳ ಪಡೆಯುವ ಶಿಕ್ಷಕರನ್ನೇ ಒತ್ತಾಯಿಸಲಾಗದು ಎಂದಾದ ಮೇಲೆ ಹನ್ನೆರಡು ವರ್ಷದ ಮಗುವನ್ನು ಒತ್ತಾಯಿಸಬಹುದು ಎಂದು ವಾದಿಸುವುದು ಕಷ್ಟ.

ಇನ್ನು ಧರ್ಮದ ಕಾಲಂ. ಶಾಲೆಯ ಕಚೇರಿಯಲ್ಲಿ ದಾಖಲಾತಿ ನಡೆಯುವುದನ್ನು ನೀವೂ ನೋಡಿರುತ್ತೀರಿ. ಗುಮಾಸ್ತರು ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ ಕೇಳುತ್ತಾರೆ. ತಲೆ ಎತ್ತದೆ ‘ಜಾತಿ?’ ಎನ್ನುತ್ತಾರೆ. ಧರ್ಮವನ್ನು ಮಾತ್ರ ಕೇಳುವುದಿಲ್ಲ. ಹೆಸರು ಕೇಳಿದಾಗಲೇ ಅದನ್ನು ತಾವೇ ತುಂಬಿಕೊಂಡಿರುತ್ತಾರೆ. ಕೇಳದೆ ಪಡೆಯುವ ಒಪ್ಪಿಗೆಯ ಮೊದಲ ಪಾಠ ಅಲ್ಲೇ ಆಗುತ್ತದೆ. ಕೇರಳದಲ್ಲಿ 2008ರಲ್ಲಿ ಏಳನೇ ತರಗತಿಯ ಸಮಾಜ ವಿಜ್ಞಾನದ ಪಠ್ಯಪುಸ್ತಕ ಇದೇ ಸನ್ನಿವೇಶವನ್ನು ಪಾಠವಾಗಿಸಿತ್ತು: ಬೇರೆ ಬೇರೆ ಧರ್ಮದಲ್ಲಿ ಹುಟ್ಟಿ ಮದುವೆಯಾದ ದಂಪತಿ ಮಗನನ್ನು ಶಾಲೆಗೆ ಸೇರಿಸಲು ಬರುತ್ತಾರೆ, ಮುಖ್ಯೋಪಾಧ್ಯಾಯರು ಧರ್ಮ ಏನೆಂದು ಬರೆಯಲಿ ಎನ್ನುತ್ತಾರೆ, ಏನೂ ಬೇಡ ಎನ್ನುತ್ತಾರೆ ತಂದೆ ತಾಯಿ, ದೊಡ್ಡವನಾದ ಮೇಲೆ ಅವನಿಗೆ ಬೇಕೆನಿಸಿದರೆ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ, ತನಗೆ ಇಷ್ಟವಾದುದನ್ನು ಅವನೇ ಆರಿಸಿಕೊಳ್ಳಲಿ ಎಂದು ಉತ್ತರಿಸುತ್ತಾರೆ. ಒಂದು ಪುಟದಷ್ಟರ ಈ ಸಂಭಾಷಣೆ ಮಕ್ಕಳಿಗೆ ನಾಸ್ತಿಕತೆ ಕಲಿಸುತ್ತದೆ ಎಂದು ಹಲವು ಧರ್ಮಗಳ ಸಂಘಟನೆಗಳು ಬೀದಿಗಿಳಿದವು. ಮಲಪ್ಪುರಂ ಜಿಲ್ಲೆಯಲ್ಲಿ ಪ್ರತಿಭಟನೆಯ ವೇಳೆ ಹಲ್ಲೆಗೊಳಗಾದ ಮುಖ್ಯೋಪಾಧ್ಯಾಯರೊಬ್ಬರು ಪ್ರಾಣ ಕಳೆದುಕೊಂಡರು. ಸರ್ಕಾರ ಕೊನೆಗೆ ಪಾಠವನ್ನು ತಿದ್ದಿತು. ಆ ಪಾಠದ ತಂದೆ ತಾಯಿ ದೇವರಿಲ್ಲವೆಂದು ಹೇಳಿದವರೇ ಅಲ್ಲ; ಮಗನ ಪರವಾಗಿ ತಾವು ಹೇಳುವುದಿಲ್ಲ ಎಂದಷ್ಟೇ ಹೇಳಿದವರು.

ಧರ್ಮವಿಲ್ಲ ಎಂದು ಹೇಳಿಕೊಳ್ಳುವುದೂ ಆತ್ಮಸಾಕ್ಷಿಯ ಸ್ವಾತಂತ್ರ್ಯದ ಭಾಗ, ಅರ್ಜಿಗಳಲ್ಲಿ ಧರ್ಮವನ್ನು ಘೋಷಿಸುವಂತೆ ಸರ್ಕಾರ ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಆ ಬಲದ ಮೇಲೆ ನೀವು ಕಾಲಂ ಖಾಲಿ ಬಿಡುವಂತೆ ಅಥವಾ ‘ಇಲ್ಲ’ ಎಂದು ಬರೆಯುವಂತೆ ಲಿಖಿತವಾಗಿ ಕೇಳಬಹುದು. ಆದರೆ ಕೇಳುವ ಮೊದಲು ಒಂದು ಎಚ್ಚರಿಕೆ. ನೀವು ಪರಿಶಿಷ್ಟ ಜಾತಿಗೆ ಸೇರಿದವರಾಗಿದ್ದರೆ, 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂ, ಸಿಖ್ ಅಥವಾ ಬೌದ್ಧ ಧರ್ಮದ ಹೊರಗಿನವರಿಗೆ ಸಿಗುವುದಿಲ್ಲ. ದೇವರನ್ನು ನಂಬದ ದಲಿತ ಕುಟುಂಬವೊಂದು ಪ್ರಾಮಾಣಿಕವಾಗಿ ‘ಧರ್ಮವಿಲ್ಲ’ ಎಂದು ಬರೆದು, ಮುಂದೆ ಮಗುವಿನ ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರರ ಕಚೇರಿಗೆ ಹೋದಾಗ ತೊಡಕಿಗೆ ಸಿಕ್ಕಿಕೊಳ್ಳಬಹುದು. ನಾಸ್ತಿಕತೆಗೂ ಬೆಲೆ ತೆರಬೇಕಾದವರು ಎಲ್ಲರಿಗಿಂತ ಮೊದಲು ಅವರೇ ಆಗಿರುತ್ತಾರೆ ಎಂಬುದು ನನಗೆ ಯಾವತ್ತೂ ಚುಚ್ಚುವ ಸಂಗತಿ. ಬೇರೆಯವರಿಗೆ ಅಷ್ಟು ತೊಂದರೆಯಿಲ್ಲ. ಮದುವೆ, ಉತ್ತರಾಧಿಕಾರಗಳ ಮಟ್ಟಿಗೆ ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕನನ್ನೂ ಕಾನೂನು ಹಿಂದೂ ಎಂದೇ ಎಣಿಸುತ್ತದೆ.

ಈಗ ಆ ಶಿಕ್ಷಕಿಯ ಮಾತಿಗೆ ಬರುತ್ತೇನೆ. ಅದು ಅವರ ಸ್ವಂತದ್ದಲ್ಲ, ನಮ್ಮ ನುಡಿಯೊಳಗೇ ಕೂತಿರುವಂಥದ್ದು. ‘ಭಯಭಕ್ತಿ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ‘ದೈವಭೀರು’ ಎನ್ನುವುದು ನಮ್ಮಲ್ಲಿ ಹೊಗಳಿಕೆ. ಮಾತು ನಿಜವೆನ್ನಲು ಮಕ್ಕಳು ‘ದೇವರಾಣೆ’ ಎನ್ನುತ್ತಾರೆ. ಹೆದರಿಕೆಯಿಲ್ಲದವನು ಅಂಕೆಯಿಲ್ಲದವನು ಎಂಬ ಊಹೆ ಇದರ ಹಿಂದಿದೆ. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತೀಯರಲ್ಲಿ ಶೇ 97ರಷ್ಟು ಮಂದಿ ದೇವರನ್ನು ನಂಬುವುದಾಗಿ ಹೇಳಿದ್ದರು. ಹೀಗಾಗಿ ನಾಸ್ತಿಕರೆಂದು ಬಾಯಿಬಿಟ್ಟು ಹೇಳಿಕೊಳ್ಳುವವರನ್ನು ಹತ್ತಿರದಿಂದ ನೋಡಿ ಬಲ್ಲವರು ಎಷ್ಟೋ ಊರುಗಳಲ್ಲಿ ಇರಲಾರರು. ಅವರ ಬಗ್ಗೆ ಇರುವುದೆಲ್ಲ ಕೇಳಿದ ಮಾತು. ಆದರೆ ಅದೇ ಸಮೀಕ್ಷೆಯಲ್ಲಿ ಬೌದ್ಧರ ಪೈಕಿ ಮೂರನೆಯ ಒಂದರಷ್ಟು ಮಂದಿ ದೇವರನ್ನು ನಂಬುವುದಿಲ್ಲ ಎಂದಿದ್ದರು. ಅವರನ್ನು ಯಾರೂ ಅಂಕೆಯಿಲ್ಲದವರು ಎನ್ನುವುದಿಲ್ಲ.

‘ನಾಸ್ತಿಕ’ ಎಂಬ ಪದದ ಕಥೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕ. ದೇವರ ಮಾತು ಅಲ್ಲಿಲ್ಲ. ಸೃಷ್ಟಿಕರ್ತನನ್ನು ಒಪ್ಪದ ಮೀಮಾಂಸಕರು, ಅಂದರೆ ವೇದದ ಯಜ್ಞವಿಧಿಗಳನ್ನು ವಿವರಿಸುವ ದರ್ಶನದವರು, ವೇದವನ್ನು ಒಪ್ಪಿದ್ದರಿಂದ ಆಸ್ತಿಕರೆನಿಸಿದರು. ವ್ರತ ನಿಯಮಗಳಲ್ಲಿ ಯಾರಿಗೂ ಕಡಿಮೆಯಿಲ್ಲದ ಜೈನರು ನಾಸ್ತಿಕರೆನಿಸಿದರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಗುರು ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಜಗತ್ತಿಗೆ ಕರ್ತೃವೊಬ್ಬನಿದ್ದಾನೆ ಎಂಬ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ತಳ್ಳಿಹಾಕುತ್ತಾರೆ. ಅದೇ ಕಥೆಯನ್ನು 941ರಲ್ಲಿ ಕನ್ನಡಕ್ಕೆ ತಂದವನು ಪಂಪ. ಲೋಕವನ್ನು ಮಾಡಿದ ದೇವರೊಬ್ಬನಿದ್ದಾನೆ ಎಂದು ಒಪ್ಪದ ಧರ್ಮದವನೇ ನಮ್ಮ ಆದಿಕವಿ. ಇರುವೆಯನ್ನೂ ತುಳಿಯಬಾರದೆಂಬ ನೀತಿ ಆ ಧರ್ಮಕ್ಕೆ ಯಾವ ದೇವರ ಹೆದರಿಕೆಯಿಂದ ಬಂತು ಎಂದು ಶಿಕ್ಷಕಿಯವರು ಒಮ್ಮೆ ಯೋಚಿಸಬಹುದು. ಇಷ್ಟಕ್ಕೂ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ, ಶಾಸಕರ, ನ್ಯಾಯಮೂರ್ತಿಗಳ ಪ್ರಮಾಣವ‍ಚನಕ್ಕೆ ಎರಡು ದಾರಿ ಇವೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡನೆಯ ದಾರಿ ಹಿಡಿದವರ ಮಾತು ಒಂದು ಗುಲಗಂಜಿಯಷ್ಟೂ ಹಗುರವೆಂದು ಅದು ಎಣಿಸುವುದಿಲ್ಲ.

ದೇವರ ಹೆದರಿಕೆಯಿಲ್ಲದೆಯೂ ನೇರವಾಗಿ ಬದುಕಿದವರ ಉದಾಹರಣೆಗಳು ಶಾಲೆ ಕಾಲೇಜುಗಳಲ್ಲೇ ಇವೆ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್ ಅವರು, ತಮ್ಮ ನಿರೀಶ್ವರವಾದಕ್ಕಾಗಿ 1933ರಲ್ಲಿ ಕಾಕಿನಾಡದಲ್ಲಿಯೂ ಮುಂದೆ ಮಚಲೀಪಟ್ಟಣದಲ್ಲಿಯೂ ಕೆಲಸ ಕಳೆದುಕೊಂಡರು. 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು, ಅಸ್ಪೃಶ್ಯತೆಯ ವಿರುದ್ಧ ಸಹಪಂಕ್ತಿ ಭೋಜನಗಳನ್ನು ನಡೆಸಿದರು, ಮಗಳನ್ನು ಅಸ್ಪೃಶ್ಯರೆನಿಸಿಕೊಂಡ ಜಾತಿಯ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿರ್ಧರಿಸಿದರು. ಸೇವಾಗ್ರಾಮದಲ್ಲಿ ಆ ಮದುವೆ ನಡೆಸಿಕೊಡಲು ಒಪ್ಪಿದ ಗಾಂಧೀಜಿ, ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳೋಣ ಎಂದರು. ಅವರ ಹತ್ಯೆಯ ನಂತರ, 1948ರಲ್ಲಿ, ಮದುವೆ ಅಲ್ಲಿಯೇ ನಡೆಯಿತು. ದಿನವೂ ಪ್ರಾರ್ಥನಾ ಸಭೆ ನಡೆಸುತ್ತಿದ್ದ ಮನುಷ್ಯನಿಗೆ ನಾಸ್ತಿಕನೊಬ್ಬನ ಮಗಳಿಗಾಗಿ ಒಂದು ಪದ ಬದಲಿಸುವುದು ಕಷ್ಟವಾಗಲಿಲ್ಲ.

ನಮ್ಮವರೇ ಆದ ಎಚ್. ನರಸಿಂಹಯ್ಯನವರ ಮಾತು ಬೇರೆ ತರಹದ್ದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಖಾದಿಯ ಪಂಚೆ ಜುಬ್ಬ ತೊಟ್ಟು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬಾಳು ಕಳೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆದರೆ ಅವರನ್ನು ಕಟುವಾಗಿ ಟೀಕಿಸಿದ ಮನೆಗಳವರೇ ಮಕ್ಕಳಿಗೆ ಅವರ ಕಾಲೇಜಿನಲ್ಲಿ ಸೀಟು ಸಿಕ್ಕರೆ ಸಾಕೆನ್ನುತ್ತಿದ್ದರು. ಎಚ್ಚೆನ್ ಎಂದರೆ ನಿಯತ್ತು ಎಂಬ ಹೆಸರು ವಾದದಿಂದ ಬಂದುದಲ್ಲ, ಅವರನ್ನು ದಿನವೂ ಕಂಡವರಿಂದ ಬಂದುದು.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಪಕ್ಷಪಾತವಾಗುತ್ತದೆ. ನಾಸ್ತಿಕರ ಬಗೆಗಿನ ಕೆಟ್ಟ ಹೆಸರಿನಲ್ಲಿ ನಾಸ್ತಿಕರ ಪಾಲೂ ಇದೆ. ಗ್ರಹಣದ ಹೊತ್ತಿನಲ್ಲಿ ಬೆಂಗಳೂರಿನ ಪುರಭವನದ ಮುಂದೆ ತಿಂಡಿ ತಿಂದು ತೋರಿಸುವುದರಲ್ಲಿ ನನಗೆ ತಪ್ಪು ಕಾಣದು, ಅದರಿಂದ ಒಂದಿಬ್ಬರ ಹೆದರಿಕೆ ಬಿಟ್ಟಿರಲೂಬಹುದು. ಆದರೆ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಮುತ್ತೈದೆಯರ ಎದುರು ಗಹಗಹಿಸಿ ನಗುವುದಕ್ಕೆ ವಿಚಾರವಾದ ಎಂಬ ಹೆಸರು ಸಲ್ಲುವುದಿಲ್ಲ. ಅತ್ತ ಕಡೆಯಿಂದ ಆಗುವ ತಪ್ಪೂ ಸಣ್ಣದಲ್ಲ: ಪ್ರಶ್ನೆ ಕೇಳಿದವರನ್ನೆಲ್ಲ ನಾಸ್ತಿಕರೆಂದು ಒಂದೇ ಗೂಟಕ್ಕೆ ಕಟ್ಟುತ್ತಾರೆ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಹತ್ಯೆಯಾದ ಎಂ.ಎಂ. ಕಲಬುರ್ಗಿಯವರು ಆಯುಷ್ಯವಿಡೀ ಶರಣರ ವಚನಗಳನ್ನು ಶೋಧಿಸಿದವರು.

ಇನ್ನು ನೀವು ಮಾಡಬೇಕಾದುದು. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಕೊಡಿ, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅದರಲ್ಲಿ ದೇವರಿದ್ದಾನೆಯೇ ಇಲ್ಲವೇ ಎಂಬ ಚರ್ಚೆ ಬೇಡ. 28ನೆಯ ವಿಧಿಯ ಮೂರನೆಯ ಉಪವಿಧಿಯಂತೆ ಪೂಜೆಗೆ ನಮ್ಮ ಒಪ್ಪಿಗೆ ಇಲ್ಲ, ಆ ಸಮಯದಲ್ಲಿ ಮಗಳು ಗ್ರಂಥಾಲಯದಲ್ಲಿಯೋ ತರಗತಿಯಲ್ಲಿಯೋ ಕುಳಿತಿರುತ್ತಾಳೆ, ಬೆಳಗಿನ ಪ್ರಾರ್ಥನೆಯಲ್ಲಿ ಸುಮ್ಮನೆ ನಿಲ್ಲುತ್ತಾಳೆ, ರಾಷ್ಟ್ರಗೀತೆ, ನಾಡಗೀತೆ, ಸಂವಿಧಾನದ ಪ್ರಸ್ತಾವನೆಯ ಓದು ಎಲ್ಲದರಲ್ಲೂ ಭಾಗವಹಿಸುತ್ತಾಳೆ ಎಂದಷ್ಟು ಬರೆಯಿರಿ. ಅದಕ್ಕೆ ಬೆಲೆ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಬಹುದು. ಮೊದಲೇ ಅಲ್ಲಿಗೆ ಹೋಗಬೇಡಿ. ಶಿಕ್ಷಕಿಯನ್ನು ಪ್ರತ್ಯೇಕವಾಗಿ ಕಾಣಿ, ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಮಾತನ್ನು ಎತ್ತಬೇಡಿ. ಮಗುವನ್ನು ತರಗತಿಯ ಎದುರು ಹೀಗಳೆಯುವುದು ಯಾವ ಕಾರಣಕ್ಕಾದರೂ ತಪ್ಪೇ, ದೇವರ ವಿಷಯ ಬಂದೊಡನೆ ಅದು ಬೇರೆಯಾಗುವುದಿಲ್ಲ ಎಂದು ಹೇಳಿದರೆ ಹೆಚ್ಚಿನ ಶಿಕ್ಷಕರು ಅರ್ಥಮಾಡಿಕೊಳ್ಳುತ್ತಾರೆ.

ಪತ್ರ ಬರೆಯುವ ಮೊದಲು ಮಾತ್ರ ಮಗಳನ್ನು ಕೂರಿಸಿಕೊಂಡು ಕೇಳಿ. ಕಾನೂನು ನಿಮ್ಮ ಒಪ್ಪಿಗೆಯನ್ನು ಕೇಳುತ್ತದೆ, ಏಕೆಂದರೆ ಅವಳು ಚಿಕ್ಕವಳು. ಆದರೆ ಅಂಗಳದಲ್ಲಿ ನಿಲ್ಲುವವಳು ಅವಳು. ಶುಕ್ರವಾರ ಗ್ರಂಥಾಲಯದಲ್ಲಿ ಒಬ್ಬಳೇ ಕೂರುವುದಕ್ಕಿಂತ ಗೆಳತಿಯರ ಸಾಲಿನಲ್ಲಿ ಕೈಕಟ್ಟಿ ನಿಲ್ಲುವುದೇ ಅವಳಿಗೆ ಇಷ್ಟವಿರಬಹುದು. ಹಾಡು ಚೆನ್ನಾಗಿದೆ ಎಂದು ಹಾಡಬೇಕೆಂದೂ ಅನ್ನಿಸಬಹುದು. ನಾಳೆ ಕೈಮುಗಿಯಬೇಕೆಂದೂ ಅನ್ನಿಸಬಹುದು, ಅದೂ ಅವಳ ಆತ್ಮಸಾಕ್ಷಿಯೇ. ಪೂಜೆ ಮುಗಿದ ಮೇಲೆ ಪಕ್ಕದವಳು ಅರ್ಧ ಮಾಡಿ ಕೊಟ್ಟ ಕೊಬ್ಬರಿ ಸಕ್ಕರೆಯನ್ನು ತಿನ್ನಬಹುದೇ ಎಂದು ಅವಳು ಕೇಳಿದರೆ ಧಾರಾಳವಾಗಿ ತಿನ್ನು ಎನ್ನಿ. ಕಾನೂನಿನ ದೃಷ್ಟಿಯಲ್ಲಿ ಅದು ಒಪ್ಪಿಗೆ ಎನಿಸುವುದಿಲ್ಲ.